‘ನನ್ನ ಫೈಲು’ ಎಂದರೆ ಯಾರ ಫೈಲು?

ಕನ್ನಡದ ಷಷ್ಠಿ ವಿಭಕ್ತಿ ಬಹಳ ಧಾರಾಳಿ. ‘ನನ್ನ ಫೋಟೊ’ ಅಂದರೆ ನಾನು ತೆಗೆದದ್ದಿರಬಹುದು, ನಾನು ಇರುವಂಥದ್ದಿರಬಹುದು, ನನ್ನ ಕಪಾಟಿನಲ್ಲಿ ಇರುವಂಥದ್ದೂ ಇರಬಹುದು. ವೈದ್ಯಕೀಯ ದಾಖಲೆಯ ಕತೆಯೂ ಇದೇ. ರೋಗಿ, ವೈದ್ಯರು, ಸಾಫ್ಟ್‌ವೇರ್ ಕಂಪನಿ ಮೂವರೂ ‘ನಮ್ಮ ಡೇಟಾ’ ಅನ್ನುತ್ತಾರೆ. ವ್ಯಾಕರಣದ ಪ್ರಕಾರ ಮೂವರದೂ ಸರಿ. ಕ್ಲಿನಿಕ್ಕು ಒಂದು ಸಾಫ್ಟ್‌ವೇರ್ ಬಿಟ್ಟು ಇನ್ನೊಂದಕ್ಕೆ ಹೋಗುವಾಗ ಮಾತ್ರ ಜಗಳ ಹೊರಬೀಳುತ್ತದೆ.

ನಾನಿರುವ ಹೈದರಾಬಾದಿಗೆ ಕಲಬುರಗಿ, ಬೀದರ, ರಾಯಚೂರಿನ ಕಡೆಯವರು ಚಿಕಿತ್ಸೆಗೆ ಬರುವುದು ಇಂದು ನಿನ್ನೆಯದಲ್ಲ. ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ, ಅದರಲ್ಲಿ ಎಕ್ಸ್‌ರೇ, ಚೀಟಿ, ರಸೀದಿ. ಆ ಚೀಲವನ್ನು ಇನ್ನೊಬ್ಬ ಡಾಕ್ಟರ ಮೇಜಿನ ಮೇಲೆ ಸುರಿಯಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಈಗ ‘ಎಲ್ಲಾ ಸಿಸ್ಟಮ್‌ನಲ್ಲಿದೆ’ ಅನ್ನುತ್ತಾರೆ.

ನನಗೆ ಪರಿಚಯದ ವೈದ್ಯರೊಬ್ಬರು ಹೋದ ವರ್ಷ ಹಳೆಯ ಸಾಫ್ಟ್‌ವೇರ್ ಬಿಟ್ಟರು. ಕಂಪನಿ ಡೇಟಾ ಕೊಡುವುದಿಲ್ಲ ಎನ್ನಲಿಲ್ಲ. ಸಾವಿರಾರು ಪಿಡಿಎಫ್ ಕಳಿಸಿತು. ಓದಬಹುದು, ಆದರೆ ಹೊಸ ಸಾಫ್ಟ್‌ವೇರ್‌ಗೆ ಅವು ಬರೀ ಚಿತ್ರಗಳು. ಪೆನಿಸಿಲಿನ್ ಒಗ್ಗದವರ ಹೆಸರಿನ ಪಕ್ಕ ಮೊದಲು ಕೆಂಪು ಎಚ್ಚರಿಕೆ ಮೂಡುತ್ತಿತ್ತು. ಈಗ ಆ ಮಾತು ಯಾವುದೋ ಫೈಲಿನ ಆರನೆಯ ಪುಟದಲ್ಲಿ ಕೂತಿದೆ. ಬಳಸುವಂಥ ರೂಪದಲ್ಲಿ ಬೇಕಿದ್ದರೆ ಬೇರೆ ಶುಲ್ಕವಂತೆ.

ಕೇಂದ್ರ ಆರೋಗ್ಯ ಸಚಿವಾಲಯದ 2016ರ ಇಎಚ್ಆರ್ ಮಾನದಂಡಗಳು ಈ ಪ್ರಶ್ನೆಗೆ ಉತ್ತರ ಕೊಟ್ಟಿವೆ. ದಾಖಲೆಯೊಳಗಿನ ಮಾಹಿತಿ ರೋಗಿಯದು, ಅದನ್ನು ಇಟ್ಟ ಮಾಧ್ಯಮ ಆಸ್ಪತ್ರೆಯದು, ಆಸ್ಪತ್ರೆ ಅದನ್ನು ರೋಗಿಯ ಪರವಾಗಿ ನಂಬಿಕೆಯ ಮೇಲೆ ಇಟ್ಟುಕೊಂಡಿರುತ್ತದೆ. ಮಾತು ಚೆನ್ನಾಗಿದೆ, ಆದರೆ ಮಾನದಂಡ ಕಾನೂನಲ್ಲ. ನಮ್ಮ ಡೇಟಾವನ್ನು ಬಳಸಲು ಬರುವ ರೂಪದಲ್ಲಿ ಬೇರೆ ಕಡೆ ಒಯ್ಯುವ ಹಕ್ಕು 2018ರ ಕರಡಿನಲ್ಲೂ 2019ರ ಮಸೂದೆಯಲ್ಲೂ ಇತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಅದಿಲ್ಲ. ನನಗೆ ಇದು ಆ ಕಾಯ್ದೆಯ ದೊಡ್ಡ ಲೋಪ.

ಆ ಕಾಯ್ದೆ ಕ್ಲಿನಿಕ್ಕಿನಂಥವರನ್ನು ‘ಡೇಟಾ ಫಿಡೂಶಿಯರಿ’ ಅನ್ನುತ್ತದೆ. ಅನುವಾದಿಸಿ ಅಂದರೆ ನಾನು ‘ನ್ಯಾಸ’ ಪದದ ಕಡೆಗೇ ಹೋಗುತ್ತೇನೆ. ನ್ಯಾಸವೆಂದರೆ ನಂಬಿ ಇಟ್ಟ ಒಡವೆ. ಕೇಳಿದಾಗ ಮರಳಿಸಬೇಕು ಎನ್ನುವುದು ಪದದೊಳಗೇ ಇದೆ. ಬಂಗಾರದ ಬಳೆ ಇಟ್ಟವರಿಗೆ ಬಳೆಯ ಫೋಟೊ ಕೊಟ್ಟರೆ ಮರಳಿಸಿದಂತಾಗುತ್ತದೆಯೇ?

ಡೇಟಾಬೇಸಿನ ವಿನ್ಯಾಸ ತಮ್ಮ ದುಡಿಮೆ ಎಂದು ಕಂಪನಿಗಳು ಹೇಳುತ್ತವೆ, ಒಪ್ಪೋಣ. ಆದರೆ ಪೆಟ್ಟಿಗೆ ನಿಮ್ಮದೆಂದು ಒಳಗಿನ ಸೀರೆ ನಿಮ್ಮದಾಗುವುದಿಲ್ಲ. ತಾಂತ್ರಿಕ ಅಡ್ಡಿ ಎನ್ನುವುದೂ ಪೂರ್ತಿ ನಿಜವಲ್ಲ. ಅನುವಾದಕರಾದ ನಾವು ನಮ್ಮ ಅನುವಾದ ಸ್ಮೃತಿಯನ್ನು ಟಿಎಂಎಕ್ಸ್ ಎಂಬ ಸಾಮಾನ್ಯ ರೂಪದಲ್ಲಿ ಒಂದು ಉಪಕರಣದಿಂದ ಇನ್ನೊಂದಕ್ಕೆ ಒಯ್ಯುತ್ತೇವೆ. ಆರೋಗ್ಯಕ್ಕೂ ಫೈರ್ ಎಂಬ ಅಂಥದೇ ರೂಪವಿದೆ, 2021ರಲ್ಲಿ ದೇಶದಾದ್ಯಂತ ಶುರುವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಅದನ್ನೇ ಬಳಸುತ್ತದೆ.

ಇಲ್ಲಿನ ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆಯಂಥ ದೊಡ್ಡವರು ತಮಗೆ ಬೇಕಾದ ದಾಖಲೆ ವ್ಯವಸ್ಥೆಯನ್ನು ತಾವೇ ಕಟ್ಟಿಕೊಂಡಿದ್ದಾರೆ. ಇಬ್ಬರು ನರ್ಸುಗಳಿರುವ ಕ್ಲಿನಿಕ್ಕಿಗೆ ಅದು ಆಗದ ಮಾತು. ಅಂಥ ವೈದ್ಯರು ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ, ಬಿಟ್ಟು ಹೋಗುವಾಗ ಡೇಟಾ ಯಾವ ರೂಪದಲ್ಲಿ, ಎಷ್ಟು ದಿನದಲ್ಲಿ, ಎಷ್ಟು ಹಣಕ್ಕೆ ಸಿಗುತ್ತದೆ ಎಂದು ಬರೆಸಿಕೊಳ್ಳಲಿ. ರೋಗಿಗಳಾದ ನಾವೂ ಕೇಳಬಹುದು: ದಾಖಲೆ ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕೆಂದು ವೈದ್ಯಕೀಯ ಪರಿಷತ್ತಿನ 2002ರ ನಿಯಮವೇ ಹೇಳುತ್ತದೆ.