ಕಿರೀಟ ಬೇಕು, ಮಾತು ಬೇಡವೇ?



ಕಳೆದ ಅಕ್ಟೋಬರ್‌ನಲ್ಲಿ ನಮ್ಮ ಪ್ರೆಸ್ಸಿಗೆ ಒಂದು ಆರ್ಡರ್ ಬಂತು. ಯಾವುದೋ ಕಂಪನಿಯ ರಾಜ್ಯೋತ್ಸವದ ಆಮಂತ್ರಣ ಪತ್ರಿಕೆ. ದಪ್ಪ ಕಾಗದ, ನಾಲ್ಕು ಬಣ್ಣ, ಮುಖಪುಟದ ತುಂಬ ಯಕ್ಷಗಾನದ ಕಿರೀಟ. ಒಳಗೆ ತೆರೆದರೆ ಒಂದೇ ಒಂದು ಕನ್ನಡ ಅಕ್ಷರವಿಲ್ಲ, ಎಲ್ಲಾ ಇಂಗ್ಲಿಷ್! "ಕನ್ನಡದಲ್ಲೂ ಹಾಕೋಣ ಸಾರ್, ಅದಕ್ಕೆ ಬೇರೆ ಚಾರ್ಜು ಬೇಡ" ಎಂದೆ. "ಚಿತ್ರ ಇದೆಯಲ್ಲ ಸ್ವಾಮಿ, ಕಲ್ಚರ್ ಬಂತಲ್ಲ" ಎಂದರು. ಹೊಟ್ಟೆಪಾಡು ನೋಡಿ, ಅಚ್ಚು ಹಾಕಿಕೊಟ್ಟೆ. ಆ ತಪ್ಪಿನಲ್ಲಿ ನನ್ನ ಪಾಲೂ ಇದೆ. ಅದಕ್ಕೇ ಈ ಮಾತು.

ಚಿತ್ರ ಇದ್ದರೆ ಸಂಸ್ಕೃತಿ ಬಂತೇ?

ನಾನು ಕರಾವಳಿಯವನಲ್ಲ. ಅಪ್ಪನ ಕಾಲದಲ್ಲಿ ಮೊಳೆ ಜೋಡಿಸಿ ಆಟದ ಹ್ಯಾಂಡ್‌ಬಿಲ್ ಅಚ್ಚು ಹಾಕುತ್ತಿದ್ದೆವು. ಮೇಳದವರು ಕೊಟ್ಟ ಪಾಸಿನಿಂದ ಆಟ ನೋಡುವ ಚಟ ಹತ್ತಿತು. ಭಾಗವತರು ಪದ ಎತ್ತುತ್ತಾರೆ. ಚೆಂಡೆ, ಮದ್ದಳೆ ಕೂಡುತ್ತವೆ. ವೇಷಧಾರಿ ಕುಣಿಯುತ್ತಾನೆ, ಆಮೇಲೆ ಅರ್ಥ ಹೇಳುತ್ತಾನೆ. ಪದ ಕವಿ ಬರೆದದ್ದು. ಅರ್ಥ ಬಾಯಿಪಾಠವಲ್ಲ, ಆ ಗಳಿಗೆಯಲ್ಲೇ ಹುಟ್ಟಬೇಕು. ಕರ್ಣ ಎಸೆದ ಪ್ರಶ್ನೆಗೆ ಕೃಷ್ಣ ಅಲ್ಲೇ ಕನ್ನಡದಲ್ಲಿ ಉತ್ತರ ಕೊಡಬೇಕು. ಬಾಯಿತಪ್ಪಿ ಒಂದು ಇಂಗ್ಲಿಷ್ ಪದ ಬಂದರೆ ರಸಭಂಗ! ಹಾಸ್ಯಗಾರನಿಗೆ ಮಾತ್ರ ಸ್ವಲ್ಪ ರಿಯಾಯಿತಿ.

ಪದದ ಮೈಕಟ್ಟೂ ಭಾಷೆಯದ್ದೇ. ಪ್ರಸಂಗಗಳಲ್ಲಿ ಬರುವ ಭಾಮಿನಿ ಷಟ್ಪದಿಯನ್ನೇ ನೋಡಿ. ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು; ಮೂರು-ನಾಲ್ಕು, ಮೂರು-ನಾಲ್ಕು ಎಂದು ಹೆಜ್ಜೆ. ಭಾಷೆ ಬದಲಾಯಿಸಿ, ಹೆಜ್ಜೆಯೇ ತಪ್ಪುತ್ತದೆ.

ಇನ್ನು ಮಳೆಗಾಲ. ಮೇಳಗಳ ತಿರುಗಾಟ ನಿಲ್ಲುತ್ತದೆ. ಆಗ ತಾಳಮದ್ದಳೆ ಶುರು. ಕಿರೀಟವಿಲ್ಲ, ಬಣ್ಣವಿಲ್ಲ, ಕುಣಿತವಿಲ್ಲ. ಪಂಚೆ ಉಟ್ಟು, ಶಾಲು ಹೊದ್ದು ಕೂತವರು ಬರೀ ಮಾತಿನಲ್ಲಿ ಕುರುಕ್ಷೇತ್ರ ಕಟ್ಟುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರ (1918-2006) ಮಾತು ಕೇಳಲು ಜನ ನಿದ್ದೆಗೆಟ್ಟು ಕೂತರು. ವೇಷ ಕಳಚಿಟ್ಟರೂ ಈ ಕಲೆ ಬದುಕುತ್ತದೆ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

"ಶಿವರಾಮ ಕಾರಂತರು ಮಾತಿಲ್ಲದ ಯಕ್ಷಗಾನ ಬ್ಯಾಲೆ ಮಾಡಲಿಲ್ಲವೇ?" ಎಂದು ನೀವು ಕೇಳಬಹುದು. ಮಾಡಿದರು, ಹೊರದೇಶಕ್ಕೂ ಒಯ್ದರು. ಆದರೆ ಅವರು ಯಕ್ಷಗಾನದ ಹಳೆಯ ಪ್ರತಿಗಳನ್ನು ಹುಡುಕಿ, ಪದಗಳ ಮಟ್ಟು ತಿಳಿದು, ಅದರ ಮೇಲೆ ಗ್ರಂಥವನ್ನೇ ಬರೆದವರು. ಬೇರು ಬಲ್ಲವರು ಕೊಂಬೆ ಕತ್ತರಿಸಿದ್ದು ಅದು. ಬೇರೇ ಗೊತ್ತಿಲ್ಲದ ನಾವು ಬರೀ ಹೂವು ಕಿತ್ತು ಕಾರ್ಡಿಗೆ ಅಂಟಿಸುತ್ತಿದ್ದೇವೆ.

ಇನ್ನೊಂದು ಸಂಗತಿ ಗಮನಿಸಿ. ಕನ್ನಡದಲ್ಲಿ ಅರ್ಥ ಹೇಳುವವರ ಮನೆಮಾತೆಲ್ಲ ಕನ್ನಡವಲ್ಲ. ಎಷ್ಟೋ ಮನೆಗಳಲ್ಲಿ ತುಳು, ಕೊಂಕಣಿ, ಮಲಯಾಳ. ಶಾಲೆಯ ಮೆಟ್ಟಿಲು ಹತ್ತದವರೂ ಆಟದ ಗದ್ದೆಯಲ್ಲಿ ಕೂತು ಗ್ರಂಥದ ಕನ್ನಡ ಕಲಿತರು. ತುಳುವಿನಲ್ಲೂ ಪ್ರಸಂಗಗಳು ಬಂದವು, ಅದೂ ನಮ್ಮ ಹೆಮ್ಮೆಯೇ. ಯಕ್ಷಗಾನದ ಪಿತಾಮಹನೆಂದು ಜನ ಕರೆಯುವ ಪಾರ್ತಿಸುಬ್ಬನ ಊರು ಕುಂಬಳೆ. ಆ ಕಾಸರಗೋಡು ನೆಲ 1956ರಲ್ಲಿ ಕೇರಳಕ್ಕೆ ಸೇರಿತು. ಗಡಿ ಸರಿಯಿತು, ಚೆಂಡೆ ನಿಲ್ಲಲಿಲ್ಲ. ಅಲ್ಲಿ ಕನ್ನಡ ಉಳಿಸಿಕೊಂಡವರಲ್ಲಿ ಶಾಲೆ ಮೇಷ್ಟರಷ್ಟೇ ಅಲ್ಲ, ಭಾಗವತರೂ ಇದ್ದಾರೆ.

ಗಡಿಯಾಚೆಯವರು ಉಳಿಸಿಕೊಂಡಿದ್ದನ್ನು ರಾಜಧಾನಿಯಲ್ಲಿ ಕೂತ ನಾವು ಕಳೆಯುತ್ತಿದ್ದೇವೆ. ನಮ್ಮ ಮಕ್ಕಳು ಕಿರೀಟದ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಅರ್ಥ ಶುರುವಾದರೆ ಎದ್ದು ಹೋಗುತ್ತಾರೆ. ತಪ್ಪು ಮಕ್ಕಳದ್ದಲ್ಲ. ಕೇಳುವ ಕಿವಿಯನ್ನು ನಾವು ಬೆಳೆಸಲಿಲ್ಲ. ಕೇಳುವವರಿಲ್ಲದ ದಿನ ಅರ್ಥಧಾರಿ ಯಾರಿಗೆ ಅರ್ಥ ಹೇಳಬೇಕು? ಆ ದಿನ ಉಳಿಯುವುದು ಷೋಕೇಸಿನ ಗೊಂಬೆ, ಯಕ್ಷಗಾನವಲ್ಲ!

ಆದ್ದರಿಂದ ಓದುಗರೇ, ಈ ವರ್ಷ ಒಂದು ಆಟಕ್ಕೋ, ತಾಳಮದ್ದಳೆಗೋ ಮಗುವನ್ನು ಕರೆದುಕೊಂಡು ಹೋಗಿ. ಪಕ್ಕದಲ್ಲಿ ಕೂತು ತಿಳಿಯದ ಮಾತು ತಿಳಿಸಿ. ನಿಮಗೇ ತಿಳಿಯದಿದ್ದರೆ ಪಕ್ಕದವರನ್ನು ಕೇಳಿ, ಅದರಲ್ಲಿ ನಾಚಿಕೆಯಿಲ್ಲ. ನಿಮ್ಮ ಆಫೀಸಿನ ರಾಜ್ಯೋತ್ಸವಕ್ಕೆ ಕಿರೀಟದ ಚಿತ್ರ ಹಾಕುವುದಾದರೆ ಅದರ ಕೆಳಗೆ ಕನ್ನಡ ಇರಲೇಬೇಕೆಂದು ಹಟ ಹಿಡಿಯಿರಿ.

ನನ್ನ ಪಾಲಿನದು ನಾನು ಮಾಡುತ್ತೇನೆ. ಕನ್ನಡ ಅಕ್ಷರವಿಲ್ಲದ ರಾಜ್ಯೋತ್ಸವದ ಪತ್ರಿಕೆ ಇನ್ನು ನಮ್ಮ ಪ್ರೆಸ್ಸಿನಲ್ಲಿ ಅಚ್ಚಾಗುವುದಿಲ್ಲ. ಆರ್ಡರ್ ಹೋದರೆ ಹೋಗಲಿ!