ಒಂದೇ ಸೆಟ್ಟಿಂಗ್ ಇಟ್ಟರೂ ಗಿಟಾರಿನಿಂದ ಗಿಟಾರಿಗೆ ಸೌಂಡ್ ಬದಲಾಗುವುದು ಯಾಕೆ?

‘ಗೇನ್ 7, ಬೇಸ್ 5, ಮಿಡ್ 4, ಟ್ರೆಬಲ್ 6 ಇಡಿ, ಮೆಚ್ಚಿನ ಗಿಟಾರ್ ವಾದಕರ ಸೌಂಡ್ ನಿಮ್ಮದಾಗಿಸಿಕೊಳ್ಳಿ’ ಎನ್ನುವಂಥ ಮೆಸೇಜ್‌ಗಳು ಗಿಟಾರ್ ಕಲಿಯುವವರ ನಡುವೆ ಓಡಾಡುತ್ತಿರುತ್ತವೆ. ಹೇಳಿದಂತೆಯೇ ಇಟ್ಟರೂ ಆ ಸೌಂಡ್ ಬರುವುದಿಲ್ಲ. ಆಗ ‘ನಮ್ಮ ಗಿಟಾರೇ ಸರಿ ಇಲ್ಲ’ ಎಂದುಕೊಂಡು ಹೊಸದಕ್ಕೆ ದುಡ್ಡು ಹಾಕಲು ಮನಸ್ಸಾಗುತ್ತದೆ. ಅದಕ್ಕೂ ಮೊದಲು ಈ ನಂಬರ್‌ಗಳ ಅರ್ಥ ತಿಳಿಯೋಣ.

ನಂಬರ್ ಎಂದರೆ ಸೌಂಡ್ ಅಲ್ಲ

ಆಂಪ್ಲಿಫೈಯರ್‌ನ ಟೋನ್ ನಾಬ್‌ಗಳು ತಾವಾಗಿ ನಾದ ಹುಟ್ಟಿಸುವುದಿಲ್ಲ. ಗಿಟಾರಿನಿಂದ ಬಂದ ಸಿಗ್ನಲ್‌ನಲ್ಲಿ ಏನು ಹೆಚ್ಚಬೇಕು, ಏನು ತಗ್ಗಬೇಕು ಎಂಬುದನ್ನಷ್ಟೇ ನಿರ್ಧರಿಸುತ್ತವೆ. ಇದು ಕನ್ನಡಕದ ನಂಬರ್ ಇದ್ದ ಹಾಗೆ. ಪಕ್ಕದ ಮನೆಯವರಿಗೆ ಸ್ಪಷ್ಟವಾಗಿ ಕಾಣಿಸುವ ಕನ್ನಡಕ ನಮಗೆ ಮಸುಕಾಗಿ ಕಾಣಿಸಬಹುದು. ಕನ್ನಡಕ ಕೆಟ್ಟಿಲ್ಲ, ಕಣ್ಣು ಬೇರೆ.

ಪಿಕಪ್‌ನಲ್ಲೇ ಮೊದಲ ವ್ಯತ್ಯಾಸ

ಎಲೆಕ್ಟ್ರಿಕ್ ಗಿಟಾರಿನ ತಂತಿಗಳ ಕೆಳಗಿರುವ ಪಿಕಪ್‌ನಲ್ಲಿ ಅಯಸ್ಕಾಂತ ಮತ್ತು ಸಾವಿರಾರು ಸುತ್ತಿನ ತೆಳು ತಾಮ್ರದ ತಂತಿ ಇರುತ್ತದೆ. ಮೇಲಿನ ಉಕ್ಕಿನ ತಂತಿ ಕಂಪಿಸಿದಾಗ ಕಾಂತಕ್ಷೇತ್ರ ಬದಲಾಗಿ ಸಣ್ಣ ವಿದ್ಯುತ್ ಹುಟ್ಟುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ತೋರಿಸಿದ ತತ್ವವೇ ಇದು.

1954ರಲ್ಲಿ ಬಂದ ಫೆಂಡರ್ ಸ್ಟ್ರಾಟೋಕಾಸ್ಟರ್‌ನಲ್ಲಿ ಇದ್ದದ್ದು ಒಂದೇ ಸುರುಳಿಯ ‘ಸಿಂಗಲ್ ಕಾಯಿಲ್’ ಪಿಕಪ್. ಗಿಬ್ಸನ್ ಲೆಸ್ ಪಾಲ್‌ಗೆ 1957ರಲ್ಲಿ ಬಂದದ್ದು ಎರಡು ಸುರುಳಿಯ ‘ಹಂಬಕರ್’. ಕರೆಂಟಿನ ಗುಂಯ್‌ಗುಡುವ ಸದ್ದನ್ನು ಅಳಿಸಲೆಂದೇ ಮಾಡಿದ್ದು. ಸಾಮಾನ್ಯವಾಗಿ ಹಂಬಕರ್‌ನ ಸಿಗ್ನಲ್ ಜೋರು, ನಾದ ದಪ್ಪ. ಸಿಂಗಲ್ ಕಾಯಿಲ್‌ನ ನಾದ ತೆಳು, ಚುರುಕು. ಪಿಕಪ್ ಬ್ರಿಡ್ಜ್ ಹತ್ತಿರ ಇದ್ದರೆ ನಾದ ಹರಿತ, ಕತ್ತಿನ ಹತ್ತಿರ ಇದ್ದರೆ ಮೃದು.

ಗೇನ್ ಏಕೆ ಹೆಚ್ಚು ಮೋಸ ಮಾಡುತ್ತದೆ?

ಸಿಗ್ನಲ್ ಒಂದು ಮಿತಿ ದಾಟಿದಾಗ ಅದರ ತುದಿಗಳು ಕತ್ತರಿಸಿ ಹೋಗುತ್ತವೆ. ನಾವು ಡಿಸ್ಟಾರ್ಷನ್ ಎನ್ನುವುದು ಇದನ್ನೇ. ಜೋರಾದ ಪಿಕಪ್ ಆ ಮಿತಿಯನ್ನು ಬೇಗ ದಾಟುತ್ತದೆ. ಹಾಗಾಗಿ ಅದೇ ‘ಗೇನ್ 7’ ಒಂದು ಗಿಟಾರಿನಲ್ಲಿ ಸ್ವಲ್ಪ ಕರಕರ ಎಂದರೆ, ಇನ್ನೊಂದರಲ್ಲಿ ಪೂರ್ತಿ ಗೊರಗೊರ ಆಗಬಹುದು.

ಒಂದೇ ಮಾಡೆಲ್ ಆದರೂ?

ಆಗಲೂ ವ್ಯತ್ಯಾಸ ಇರುತ್ತದೆ. ಪಿಕಪ್ ತಂತಿಗೆ ಎಷ್ಟು ಹತ್ತಿರವಿದೆ, ತಂತಿ ಹೊಸದೋ ಹಳೆಯದೋ, ಎಷ್ಟು ದಪ್ಪ, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ವಾಲ್ಯೂಮ್ ನಾಬ್‌ನೊಳಗಿನ ಬಿಡಿಭಾಗದ ಅಳತೆ ನಮೂದಿಸಿದ್ದಕ್ಕಿಂತ ಶೇ. 20ರಷ್ಟು ಹೆಚ್ಚು ಕಡಿಮೆ ಇರುವುದು ಸಾಮಾನ್ಯ. ಉದ್ದದ ಕೇಬಲ್ ಟ್ರೆಬಲ್ ತಗ್ಗಿಸುತ್ತದೆ. ಇದರ ಮೇಲೆ, ತಂತಿ ಮೀಟುವ ಕೈ ಪ್ರತಿಯೊಬ್ಬರದೂ ಬೇರೆ.

ಎಲ್ಲದಕ್ಕೂ ಮರವೇ ಕಾರಣ ಎನ್ನುವವರೂ ಇದ್ದಾರೆ. ಅದರ ಪ್ರಭಾವ ಎಷ್ಟೆಂಬ ವಾದ ಮುಗಿದಿಲ್ಲ. ಆದರೆ ಮರ ಬದಲಿಸಲಾಗದು. ಪಿಕಪ್ ಎತ್ತರ, ತಂತಿ, ನಾಬ್ ನಮ್ಮ ಕೈಯಲ್ಲೇ ಇವೆ.

ಹಾಗಾದರೆ ಏನು ಮಾಡಬೇಕು?

* ಸಿಕ್ಕ ನಂಬರ್‌ಗಳನ್ನು ಆರಂಭ ಎಂದಷ್ಟೇ ತಿಳಿಯಿರಿ.
* ಮೊದಲು ಗೇನ್ ಸರಿಮಾಡಿ. ಹಂಬಕರ್‌ಗೆಂದು ಕೊಟ್ಟ ಸೆಟ್ಟಿಂಗನ್ನು ಸಿಂಗಲ್ ಕಾಯಿಲ್‌ಗೆ ಬಳಸುವುದಾದರೆ ಗೇನ್ ಸ್ವಲ್ಪ ಏರಿಸಿ, ಟ್ರೆಬಲ್ ಸ್ವಲ್ಪ ಇಳಿಸಿ. ಅದಲುಬದಲಾದರೆ ಉಲ್ಟಾ ಮಾಡಿ.
* ನಾದ ಕಲಸಿದಂತೆ ಕೇಳಿದರೆ ಬೇಸ್ ತಗ್ಗಿಸಿ, ಕಿವಿಗೆ ಚುಚ್ಚಿದರೆ ಟ್ರೆಬಲ್ ತಗ್ಗಿಸಿ.
* ತಂತಿ ಹಳೆಯದಾಗಿದ್ದರೆ ಮೊದಲು ಅದನ್ನು ಬದಲಿಸಿ. ಹೊಸ ಪೆಡಲ್‌ಗಿಂತ ಅದು ಬಹಳ ಅಗ್ಗ.

ಒಟ್ಟಿನಲ್ಲಿ, ಅದೇ ನಂಬರ್ ಇಟ್ಟರೆ ಅದೇ ಸೌಂಡ್ ಬರುತ್ತದೆ ಎನ್ನುವುದು ನಿಜವಲ್ಲ. ಮುಂದಿನ ಸಲ ಇಂಥ ಮೆಸೇಜ್ ಹಂಚುವಾಗ ‘ಯಾವ ಗಿಟಾರ್, ಯಾವ ಪಿಕಪ್, ಯಾವ ಆಂಪ್’ ಎಂದೂ ಒಂದು ಸಾಲು ಸೇರಿಸಿ. ಆಗ ಆ ನಂಬರ್‌ಗಳಿಂದ ನಾಲ್ಕು ಜನಕ್ಕೆ ನಿಜವಾಗಿ ಉಪಯೋಗವಾದೀತು.