ಕಂಬದ ಬುಡಕ್ಕೆ ಯಾರು ಹೊಣೆ?

ಕಡೇಚೂರು-ಬಾಡಿಯಾಳ ಕೈಗಾರಿಕಾ ಪ್ರದೇಶಕ್ಕಾಗಿ ಮೂರು ಸಾವಿರ ಎಕರೆಗೂ ಮೇಲ್ಪಟ್ಟು ಜಮೀನು ಹೋಯಿತು. ಆ ನೆಲದ ಮೇಲೆ ಇಂದು ರೈಲ್ವೆ ಬೋಗಿ ಕಾರ್ಖಾನೆ ಇದೆ, ಔಷಧಿ ಹಾಗೂ ರಾಸಾಯನಿಕ ಕಾರ್ಖಾನೆಗಳಿವೆ. ರಾತ್ರಿ ಪಾಳಿ ಮುಗಿಸಿ ನಡೆದು ಬರುವ ಕಾರ್ಮಿಕನಿಗೂ ರಸ್ತೆಬದಿ ಚಹದಂಗಡಿ ಇಟ್ಟವನಿಗೂ ಬೀದಿದೀಪ ಭೋಗದ ವಸ್ತುವಲ್ಲ. ಆದರೆ ದೀಪ ಉರಿಯುತ್ತದೆಯೇ ಎಂದು ಕೇಳುವ ನಾವು, ಅದರ ಕಂಬ ಯಾವುದರ ಮೇಲೆ ನಿಂತಿದೆ ಎಂದು ಕೇಳುವುದು ಅಪರೂಪ.

ಕಬ್ಬಿಣದ ಕಂಬವನ್ನು ಕಾಂಕ್ರೀಟ್ ಬುನಾದಿಗೆ ಹಿಡಿದಿಡುವುದು ಸಾಮಾನ್ಯವಾಗಿ ನಾಲ್ಕೇ ಬೋಲ್ಟುಗಳು. ಲಾರಿ ತಾಕಿಯೋ ತುಕ್ಕು ತಿಂದೋ ಅವು ಕೆಟ್ಟರೆ, ಬುನಾದಿ ಒಡೆದು ಹೊಸದು ಹಾಕಲು ಖರ್ಚು ಹೆಚ್ಚು. ಆದ್ದರಿಂದ ಹಳೆಯ ಕಾಂಕ್ರೀಟಿನಲ್ಲೇ ರಂಧ್ರ ಕೊರೆದು, ರಾಸಾಯನಿಕ ಅಂಟು ತುಂಬಿ, ಹೊಸ ಬೋಲ್ಟು ಇಳಿಸುವ ಪದ್ಧತಿ ಬಂದಿದೆ. ಈ ಪದ್ಧತಿಗೆ ನಮ್ಮ ವಿರೋಧವಿಲ್ಲ. ಸರಿಯಾಗಿ ಮಾಡಿದರೆ ಅದು ಗಟ್ಟಿ. ಸರಿಯಾಗಿ ಮಾಡಿದ್ದನ್ನು ನೋಡುವವರಾರು ಎಂಬುದೇ ಪ್ರಶ್ನೆ.

ಏಕೆಂದರೆ ಕಳಪೆ ಕೆಲಸ ಇಲ್ಲಿ ಕಣ್ಣಿಗೆ ಬೀಳುವುದಿಲ್ಲ. ಕೊರೆದ ರಂಧ್ರದ ಗೋಡೆಗೆ ಪುಡಿ ಮೆತ್ತಿಕೊಂಡಿದ್ದರೆ ಅಂಟು ಕಾಂಕ್ರೀಟನ್ನು ಹಿಡಿಯದೆ ಪುಡಿಯನ್ನು ಹಿಡಿಯುತ್ತದೆ. ಗಾಳಿ ಊದಿ, ತಂತಿ ಕುಂಚದಿಂದ ಉಜ್ಜಿ, ಮತ್ತೆ ಊದಬೇಕು. ಕೊಳವೆಯಿಂದ ಮೊದಲು ಬರುವ, ಸರಿಯಾಗಿ ಬೆರೆಯದ ಅಂಟನ್ನು ಚೆಲ್ಲಬೇಕು. ತಳದಿಂದ ತುಂಬುತ್ತ ಬರಬೇಕು. ಗಟ್ಟಿಯಾಗುವವರೆಗೆ ನಟ್ಟು ಬಿಗಿಯಬಾರದು. ನಲವತ್ತು ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಅಂಟು ಬೇಗ ಗಡುಸಾಗಿ, ಬೋಲ್ಟು ತಳ ಮುಟ್ಟುವ ಮೊದಲೇ ಕೈಕೊಡಬಹುದು. ಕಂಬ ಕಡಿಮೆ ದರದ ಗುತ್ತೇದಾರನ ಬಿಲ್ಲು ಪಾಸಾಗುವವರೆಗೂ ನಿಂತೇ ಇರುತ್ತದೆ. ಬಿರುಗಾಳಿ ಎದ್ದ ದಿನ, ಗಾಳಿ ಬೀಸುವ ಕಡೆಯ ಬೋಲ್ಟುಗಳು ಕಂಬದ ಎತ್ತರವೇ ಸನ್ನೆಕೋಲಾಗಿ ಮೇಲಕ್ಕೆ ಎಳೆಯಲ್ಪಡುತ್ತವೆ. ಅದಕ್ಕೆ ಫ್ಲೆಕ್ಸು ಕಟ್ಟಿದರೆ ಹಾಯಿ ಕಟ್ಟಿದಂತೆ. ಅಂಗಡಿಯವರ ಜಾಹೀರಾತಿಗೂ ಮುಖಂಡರ ಹುಟ್ಟುಹಬ್ಬಕ್ಕೂ ಗಾಳಿ ಭೇದ ಮಾಡುವುದಿಲ್ಲ.

ದೊಡ್ಡ ದೇಶಗಳೂ ಇದಕ್ಕೆ ಬೆಲೆ ತೆತ್ತಿವೆ. ಅಮೆರಿಕದ ಬಾಸ್ಟನ್ನಿನಲ್ಲಿ 2006ರ ಜುಲೈನಲ್ಲಿ ಸುರಂಗದ ಚಾವಣಿಯ ಕಾಂಕ್ರೀಟ್ ಹಲಗೆಗಳು ಕಾರಿನ ಮೇಲೆ ಬಿದ್ದು ಒಬ್ಬ ಮಹಿಳೆ ಸತ್ತಳು. ಸದಾ ಹೊತ್ತ ಭಾರಕ್ಕೆ ಅಂಟು ನಿಧಾನವಾಗಿ ಜಾರಿತೆಂದು ತನಿಖೆ ಹೇಳಿತು. ಜಪಾನಿನ ಸಸಾಗೊ ಸುರಂಗದಲ್ಲಿ 2012ರ ಡಿಸೆಂಬರ್ 2ರಂದು ಇಂಥದೇ ಚಾವಣಿ ಕುಸಿದು ಒಂಬತ್ತು ಮಂದಿ ಸತ್ತರು; ಬೋಲ್ಟುಗಳನ್ನು ಸುತ್ತಿಗೆಯಿಂದ ತಟ್ಟಿ ನೋಡುವ ತಪಾಸಣೆ ಅಲ್ಲಿ ವರ್ಷಗಟ್ಟಲೆ ನಡೆದಿರಲಿಲ್ಲ. ನಮ್ಮ ಕಂಬ ಚಾವಣಿಯಲ್ಲ, ನಿಜ. ಅದರ ಬೋಲ್ಟಿಗೆ ಎಳೆತ ಬರುವುದು ಹೆಚ್ಚಾಗಿ ಗಾಳಿಗೆ. ತಪಾಸಣೆಯ ಅಲಕ್ಷ್ಯ ಮಾತ್ರ ಅದೇ.

ಇನ್ನೊಂದು ಮಾತು. ಆ ರಂಧ್ರ ಕೊರೆಯುವವನು ದಿನಗೂಲಿಯವನು. ಬಾಯಿಂದ ಊದಿ ಪುಡಿ ತೆಗೆಯುವಂತೆ ಅವನಿಗೆ ಹೇಳಿದರೆ ರಂಧ್ರವೂ ಶುದ್ಧವಾಗದು, ಸಿಲಿಕಾ ಧೂಳು ಅವನ ಪುಪ್ಪುಸ ಸೇರುತ್ತದೆ. ಪಂಪು, ಮುಖವಾಡ, ಕೈಗವಸಿನ ಖರ್ಚನ್ನು ಟೆಂಡರಿನಲ್ಲೇ ಬರೆಯಬೇಕು.

ನಮ್ಮ ಬೇಡಿಕೆ ಇಷ್ಟು. ದುರಸ್ತಿಗೆ ಮುಂಚೆ ಹಳೆಯ ಬುನಾದಿ ಬಿರುಕು ಬಿಟ್ಟಿದೆಯೇ, ಹೊಸ ಕಂಬಕ್ಕೆ ಅದರ ಗಾತ್ರ ಸಾಕೇ ಎಂದು ಎಂಜಿನಿಯರು ಬರೆದು ಸಹಿ ಮಾಡಲಿ. ಸಾಲದಿದ್ದರೆ ಯಾವ ಅಂಟೂ ಅದನ್ನು ಉಳಿಸದು, ಒಡೆದು ಕಟ್ಟಲಿ. ಕೆಲವು ಬೋಲ್ಟುಗಳನ್ನು ಕಾರ್ಮಿಕ ಸಂಘ ಹಾಗೂ ವರ್ತಕರ ಪ್ರತಿನಿಧಿಗಳ ಎದುರು ಯಂತ್ರದಿಂದ ಎಳೆದು ಪರೀಕ್ಷಿಸಲಿ. ಪ್ರತಿ ಕಂಬಕ್ಕೂ ನಂಬರು ಕೊಟ್ಟು ಕೊರೆದ ಆಳ, ಅಂಟಿನ ಅವಧಿ ಮುಗಿಯುವ ತಾರೀಖು, ಗುತ್ತೇದಾರನ ಹೆಸರು ರಿಜಿಸ್ಟರಿನಲ್ಲಿ ಬರೆಯಲಿ; ಕೇಳಿದವರಿಗೆ ತೋರಿಸಲಿ. ಮೇ ತಿಂಗಳ ಗಾಳಿಗೆ ಮುಂಚೆ ಈ ಕೆಲಸ ಆಗಬೇಕು.